ಬೆಳ್ಳಿ ಎಲ್ಲಿಂದ ಬಂತು: ಮಾಯಾನಗರದ ಪತ್ತೇದಾರನ ಕುರಿತು

ಮಂತ್ರ ನಡೆಯುವ ಕಲ್ಪಿತ ನಗರಗಳಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಗಳ ವಿಷಯವನ್ನು ಎತ್ತಿದಾಗಲೆಲ್ಲ ಎದುರಾಗುವ ಮೊದಲ ಆಕ್ಷೇಪದಿಂದಲೇ ಆರಂಭಿಸುತ್ತೇನೆ. ಮಂತ್ರವಾದಿಗಳು ಇರುವ ಊರಿನಲ್ಲಿ ಕೊಲೆ ನಡೆದರೆ ಪತ್ತೇದಾರನಿಗೆ ಏನು ಕೆಲಸ? ಸತ್ತವನ ಆತ್ಮವನ್ನೇ ಕರೆದು ಕೇಳಬಹುದು, ಅಥವಾ ಅಂಜನ ಹಾಕಿ ನೋಡಿದರಾಯಿತು. ನಮ್ಮಲ್ಲಿ ಮನೆಯಲ್ಲಿ ಏನಾದರೂ ಕಳುವಾದರೆ ಅಂಜನ ಹಾಕಿಸುವ ರೂಢಿ ಇತ್ತು. ವೀಳ್ಯದೆಲೆಗೆ ಕಪ್ಪು ಬಳಿದು ಮಗುವಿನ ಕೈಗೆ ಕೊಟ್ಟು, ಅದರಲ್ಲಿ ಯಾರು ಕಾಣಿಸುತ್ತಾರೆ ಎಂದು ಕೇಳುತ್ತಿದ್ದರು. ಆದರೆ ಅಂಜನ ಹಾಕಿಸಿದ ಮನೆಯವರು ಅಲ್ಲಿಗೇ ನಿಲ್ಲುತ್ತಿರಲಿಲ್ಲ ಎಂಬುದನ್ನು ನೀವು ನೆನಪಿಸಿಕೊಳ್ಳಬೇಕು. ಮಗು ಹೇಳಿದ ಮುಖ ಯಾರದ್ದು, ಅವನಿಗೂ ನಮಗೂ ಏನು ವ್ಯಾಜ್ಯವಿತ್ತು, ಅವನು ಆ ಒಡವೆಯನ್ನು ಎಲ್ಲಿ ಮಾರಿರಬಹುದು ಎಂಬ ಪ್ರಶ್ನೆಗಳೆಲ್ಲ ಆ ಬಳಿಕವೇ ಹುಟ್ಟುತ್ತಿದ್ದವು. ಮಂತ್ರ ಒಂದು ಹೆಸರನ್ನು ಕೊಟ್ಟೀತು. ಆ ಹೆಸರಿನ ಹಿಂದಿರುವ ಊರನ್ನು ಅದು ಕೊಡಲಾರದು. ಇಂದು ನಾನು ಹೇಳಬೇಕೆಂದಿರುವ ಎಲ್ಲವೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ, ಸ್ವತಃ ಪತ್ತೇದಾರಿ ಕಥೆಗಳನ್ನು ಬರೆಯುತ್ತಿದ್ದವರು, ಆ ಬಗೆಯ ಕಥೆಗಳಿಗೆ 10 ಕಟ್ಟಳೆಗಳನ್ನು ರೂಪಿಸಿದರು. ಅದರಲ್ಲಿ ಎರಡನೆಯದು, ಅಲೌಕಿಕ ಶಕ್ತಿಗಳಿಗೆ ಕಥೆಯಲ್ಲಿ ಪ್ರವೇಶವಿಲ್ಲ ಎಂಬುದು. ದೆವ್ವ ದೇವರುಗಳನ್ನು ನಂಬುವ ವೃತ್ತಿಯಲ್ಲಿದ್ದ ಒಬ್ಬ ವ್ಯಕ್ತಿಯೇ ಅವುಗಳನ್ನು ಕಥೆಯಿಂದ ಹೊರಗಿಟ್ಟದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಅವರ ದೃಷ್ಟಿಯಲ್ಲಿ ಪತ್ತೇದಾರಿ ಕಥೆ ಎನ್ನುವುದು ಬರೆಯುವವನಿಗೂ ಓದುವವನಿಗೂ ನಡುವಿನ ಒಂದು ಆಟ. ಚದುರಂಗದ ಮಣೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಕಾಯಿ ಹಾರತೊಡಗಿದರೆ ಆಟವೇ ಕೆಡುತ್ತದೆ.

ಅದೇ 1929ರಲ್ಲಿ ಅಮೆರಿಕದಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಅವರ ‘ರೆಡ್ ಹಾರ್ವೆಸ್ಟ್’ ಪುಸ್ತಕರೂಪದಲ್ಲಿ ಬಂತು. ಹ್ಯಾಮೆಟ್ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿದವರು. ಅವರು ಮತ್ತು ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಮಾಸಪತ್ರಿಕೆಯ ಇತರ ಲೇಖಕರು ಬರೆದ ಬಗೆಗೆ ‘ಹಾರ್ಡ್‌ಬಾಯ್ಲ್ಡ್’ ಎಂಬ ಹೆಸರು ಬಂತು. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯಂತೆ, ಒಳಗಿನ ಮೆತ್ತನೆಯದೆಲ್ಲ ಹೆಪ್ಪುಗಟ್ಟಿದ ಮನುಷ್ಯನ ಕಥೆ ಎಂದು ಅರ್ಥ. ಈ ಕಾದಂಬರಿಯ ಕಟ್ಟಡವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪರ್ಸನ್‌ವಿಲ್ ಎಂಬ ಗಣಿಯೂರಿಗೆ ಒಬ್ಬ ಪತ್ತೇದಾರ ಬರುತ್ತಾನೆ. ಅವನನ್ನು ಕರೆಸಿಕೊಂಡ ಪತ್ರಿಕಾ ಮಾಲೀಕ, ಇಬ್ಬರೂ ಭೇಟಿಯಾಗುವ ಮೊದಲೇ ಕೊಲೆಯಾಗುತ್ತಾನೆ. ಆ ಕೊಲೆಯನ್ನು ಯಾರು ಮಾಡಿದರು ಎಂಬುದು ಕಾದಂಬರಿಯ ಆರಂಭದ ಭಾಗದಲ್ಲಿಯೇ ಬಯಲಾಗುತ್ತದೆ. ನಾಕ್ಸ್ ಅವರ ಲೆಕ್ಕದಲ್ಲಿ ಪುಸ್ತಕ ಅಲ್ಲಿಗೆ ಮುಗಿಯಬೇಕಿತ್ತು. ಹ್ಯಾಮೆಟ್ ಅವರ ಕಥೆ ಮಾತ್ರ ಅಲ್ಲಿಂದ ಮುಂದೆ ಶುರುವಾಗುತ್ತದೆ. ಏಕೆಂದರೆ ಸತ್ತವನ ತಂದೆ ಆ ಊರಿನ ಗಣಿ, ಬ್ಯಾಂಕು, ಪತ್ರಿಕೆ ಎಲ್ಲಕ್ಕೂ ಒಡೆಯ. ಗಣಿ ಕಾರ್ಮಿಕರ ಮುಷ್ಕರವನ್ನು ಮುರಿಯಲು ಅವನು ಹೊರಗಿನಿಂದ ಗೂಂಡಾಗಳನ್ನು ಕರೆಸಿದ್ದ, ಮುಷ್ಕರ ಮುರಿದ ಮೇಲೆ ಆ ಗೂಂಡಾಗಳು ಊರು ಬಿಟ್ಟು ಹೋಗಲಿಲ್ಲ. ಪತ್ತೇದಾರನಿಗೆ ಈಗ ಉಳಿದಿರುವ ಪ್ರಕರಣ ಆ ಊರೇ.

ಇಲ್ಲಿ ನಾನು ಒಂದು ಅಂಶವನ್ನು ಒತ್ತಿ ಹೇಳಬೇಕು. ಪರ್ಸನ್‌ವಿಲ್ ಎಂಬ ಊರು ನಕಾಶೆಯಲ್ಲಿ ಇಲ್ಲ. ಮೊಂಟಾನಾದ ತಾಮ್ರದ ಗಣಿಯೂರು ಬ್ಯೂಟ್‌ನ ನೆರಳನ್ನು ಅದರಲ್ಲಿ ಗುರುತಿಸುತ್ತಾರೆ, ಆದರೂ ಅದು ಲೇಖಕ ಕಟ್ಟಿದ ಊರು. ಅಂದರೆ ಈ ಪ್ರಕಾರದ ತಳಹದಿಯಲ್ಲಿರುವ ಒಂದು ಕಾದಂಬರಿಯೇ ಕಲ್ಪಿತ ನಗರದಲ್ಲಿ ನಡೆದಿದೆ. ಹಾಗಾಗಿ ಈ ಪತ್ತೇದಾರನನ್ನು ಮಾಯಾನಗರಕ್ಕೆ ಕರೆದೊಯ್ದವರು ಯಾವುದೋ ವಿಚಿತ್ರ ಕಸಿ ಮಾಡಿದರು ಎಂದು ನಾನು ಭಾವಿಸುವುದಿಲ್ಲ. ಬೀಜದಲ್ಲಿ ಇದ್ದದ್ದೇ ಮೊಳೆಯಿತು.

ಅದೇ ಬಗೆಯ ಇನ್ನೊಬ್ಬ ಲೇಖಕ ರೇಮಂಡ್ ಚಾಂಡ್ಲರ್ ಅವರ ವಿಷಯದಲ್ಲೂ ಇದನ್ನೇ ಕಾಣುತ್ತೇವೆ, ಅವರ ಲಾಸ್ ಏಂಜಲೀಸ್ ನಿಜವಾದ ಊರೇ ಆದರೂ. ಅವರು ಎಣ್ಣೆ ಬಾವಿಗಳ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು, 1932ರಲ್ಲಿ ಆ ಕೆಲಸ ಕಳೆದುಕೊಂಡ ಮೇಲೆ ಬರವಣಿಗೆಗೆ ತೊಡಗಿದವರು. 1939ರ ಅವರ ಮೊದಲ ಕಾದಂಬರಿಯಲ್ಲಿ ಪತ್ತೇದಾರನನ್ನು ಕರೆಸುವ ಮುದುಕ ಸೇನಾಧಿಕಾರಿಯ ಸಂಪತ್ತು ಎಣ್ಣೆಯಿಂದ ಬಂದದ್ದು. ಕಾಣೆಯಾದವನ ಹೆಣ ಕೊನೆಗೆ ಎಲ್ಲಿದೆ ಎಂದು ತಿಳಿಯುತ್ತದೆ ಗೊತ್ತೇ? ಅದೇ ಮನೆತನದ ಹಳೆಯ ಎಣ್ಣೆ ಬಾವಿಗಳ ಹೊಂಡದಲ್ಲಿ. ಮನೆಗೆ ಹಣ ತಂದ ನೆಲದ ತೂತಿನೊಳಕ್ಕೆ ಹೆಣವೂ ಇಳಿದಿದೆ. ಹ್ಯಾಮೆಟ್ ಅವರಲ್ಲಿ ಗಣಿ, ಚಾಂಡ್ಲರ್ ಅವರಲ್ಲಿ ಎಣ್ಣೆ. ಇದನ್ನು ಗಮನದಲ್ಲಿಟ್ಟುಕೊಳ್ಳಿ, ಬೆಳ್ಳಿಗೆ ನಾವು ಇನ್ನೇನು ಬರುತ್ತೇವೆ.

ನಾಕ್ಸ್ ಅವರ ಆಕ್ಷೇಪಕ್ಕೆ ನೇರವಾದ ಉತ್ತರ ಕೊಟ್ಟವರು ಬೇರೆಯವರು, ಅವರನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1964ರಿಂದ ರಾಂಡಲ್ ಗ್ಯಾರೆಟ್ ಎಂಬ ಅಮೆರಿಕದ ಲೇಖಕರು ಲಾರ್ಡ್ ಡಾರ್ಸಿ ಎಂಬ ತನಿಖಾಧಿಕಾರಿಯ ಕಥೆಗಳನ್ನು ಬರೆದರು. ಇತಿಹಾಸದಲ್ಲಿ 1199ರಲ್ಲಿ ಬಾಣದ ಗಾಯದಿಂದ ಸತ್ತ ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡ್ ಈ ಕಥೆಗಳ ಲೋಕದಲ್ಲಿ ಬದುಕಿ ಉಳಿದಿದ್ದಾನೆ. ಅಲ್ಲಿ ಭೌತಶಾಸ್ತ್ರದ ಜಾಗದಲ್ಲಿ ಮಂತ್ರಶಾಸ್ತ್ರ ನಿಯಮಬದ್ಧವಾಗಿ ಬೆಳೆದಿದೆ. ಡಾರ್ಸಿಯ ಜೊತೆಗಿರುವ ಮಾಂತ್ರಿಕ, ಇಂದಿನ ನ್ಯಾಯವಿಜ್ಞಾನ ಪ್ರಯೋಗಾಲಯ ಮಾಡುವ ಕೆಲಸವನ್ನು ಮಾಡುತ್ತಾನೆ. ಈ ಗುಂಡು ಈ ಬಂದೂಕಿನಿಂದಲೇ ಹಾರಿತು ಎಂದು ಅವನು ಮಂತ್ರದಿಂದ ಹೇಳಬಲ್ಲ, ಆದರೆ ಬಂದೂಕನ್ನು ಹಿಡಿದ ಕೈ ಯಾರದು ಎಂಬುದನ್ನು ಡಾರ್ಸಿಯೇ ಕಂಡುಹಿಡಿಯಬೇಕು. ಆ ಸರಣಿಯ ಕಾದಂಬರಿಯೊಂದರಲ್ಲಿ ಮಾಂತ್ರಿಕರ ಸಮ್ಮೇಳನ ನಡೆಯುತ್ತಿರುವ ಹೋಟೆಲಿನಲ್ಲೇ, ಬೀಗ ಹಾಕಿದ ಕೋಣೆಯೊಳಗೆ ಒಬ್ಬ ಮಾಂತ್ರಿಕ ಕೊಲೆಯಾಗುತ್ತಾನೆ. ಮಂತ್ರಕ್ಕೆ ಮಿತಿಯನ್ನು ಮೊದಲೇ ಹೇಳಿಬಿಟ್ಟರೆ ಆಟ ನ್ಯಾಯವಾಗಿಯೇ ನಡೆಯುತ್ತದೆ ಎಂದು ಈ ಕಥೆಗಳು ತೋರಿಸಿಕೊಟ್ಟವು. ಇದು ಒಳ್ಳೆಯ ಉತ್ತರ, ಆದರೂ ಆಟದೊಳಗಿನ ಉತ್ತರ. ಡಾರ್ಸಿ ರಾಜಮನೆತನದ ಸೇವೆಯಲ್ಲಿರುವವನು; ಅವನಿಗೆ ಬಾಡಿಗೆ ಕಟ್ಟುವ ಚಿಂತೆಯಿಲ್ಲ.

ಬಾಡಿಗೆಯ ಚಿಂತೆ ಇರುವವನು ಅಮೆರಿಕದ ಲೇಖಕ ಗ್ಲೆನ್ ಕುಕ್ ಅವರ ಪತ್ತೇದಾರ; ಅವನ ಹೆಸರೂ ಗ್ಯಾರೆಟ್, ಆದರೆ ಅವನು ಮೇಲೆ ಹೇಳಿದ ಲೇಖಕರಲ್ಲ, ಒಂದು ಪಾತ್ರ. ಈ ಸರಣಿಯ ಮೇಲೆಯೇ ನಾನು ಹೆಚ್ಚು ಸಮಯ ಕಳೆಯಲು ಬಯಸುತ್ತೇನೆ, ಏಕೆಂದರೆ ಗಟ್ಟಿಮನಸ್ಸಿನ ಖಾಸಗಿ ಪತ್ತೇದಾರನನ್ನು ಸಂಪೂರ್ಣ ಕಲ್ಪಿತ ನಗರದಲ್ಲಿ ನಿಲ್ಲಿಸಿ, 1987ರಿಂದ 2013ರವರೆಗೆ 14 ಕಾದಂಬರಿಗಳಷ್ಟು ದೂರ ನಡೆಸಿದ ಪ್ರಯತ್ನ ಇದು. ಕುಕ್ 1944ರಲ್ಲಿ ಹುಟ್ಟಿದವರು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಆಮೇಲೆ ಸೇಂಟ್ ಲೂಯಿಸ್‌ನ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಲೇ ಬರೆದವರು. ಈ 14 ಪುಸ್ತಕಗಳ ಒಂದೊಂದರ ಹೆಸರಿನಲ್ಲೂ ಒಂದೊಂದು ಲೋಹವಿದೆ: ಬೆಳ್ಳಿ, ಚಿನ್ನ, ತಾಮ್ರ, ತವರ, ಹಿತ್ತಾಳೆ, ಕಬ್ಬಿಣ, ಪಾದರಸ, ಸೀಸ, ಸತು, ಕಂಚು ಹೀಗೆ. ಇದನ್ನು ಹೆಸರಿಡುವ ಒಂದು ಚಮತ್ಕಾರ ಎಂದು ಬಿಟ್ಟುಬಿಡಬಹುದು. ನನಗೆ ಮಾತ್ರ ಕಾರ್ಖಾನೆಯಲ್ಲಿ ದುಡಿದ ಮನುಷ್ಯನ ಕಣ್ಣು ಅದರಲ್ಲಿ ಕಾಣುತ್ತದೆ.

ಊರಿನ ಹೆಸರು ಟನ್‌ಫೇರ್. ಮನುಷ್ಯರು, ಎಲ್ಫ್‌ಗಳೆಂಬ ಯಕ್ಷರಂಥ ಜನ, ಡ್ವಾರ್ಫ್‌ಗಳೆಂಬ ಕುಬ್ಜರು, ದೈತ್ಯರು, ಇವರೆಲ್ಲರ ಮಿಶ್ರ ಸಂತಾನ, ಇಲಿಮನುಷ್ಯರು, ಎಲ್ಲರೂ ಇರುವ ಊರು. ಟನ್‌ಫೇರ್ ಇರುವ ಕರೆಂಟಾ ರಾಜ್ಯಕ್ಕೂ ವೆನಗೇಟಾ ಎಂಬ ರಾಜ್ಯಕ್ಕೂ ತಲೆಮಾರುಗಳಿಂದ ಯುದ್ಧ ನಡೆಯುತ್ತಿದೆ. ಯುದ್ಧ ನಡೆಯುವುದು ಕ್ಯಾಂಟಾರ್ಡ್ ಎಂಬ ಮರುಭೂಮಿಯಲ್ಲಿ, ಕಾರಣ ಅಲ್ಲಿರುವ ಬೆಳ್ಳಿಯ ಗಣಿಗಳು. ಬೆಳ್ಳಿ ಏಕೆ ಬೇಕು? ಮಂತ್ರವಿದ್ಯೆ ನಡೆಯುವುದಕ್ಕೆ ಬೆಳ್ಳಿ ಬೇಕು. ಮಂತ್ರ ಯಾರ ಕೈಯಲ್ಲಿದೆ? ಗುಡ್ಡದ ಮೇಲಿನ ಬಂಗಲೆಗಳಲ್ಲಿರುವ ಮಾಂತ್ರಿಕ ಒಡೆಯರ ಕೈಯಲ್ಲಿ. ಯುದ್ಧಕ್ಕೆ ಯಾರು ಹೋಗುತ್ತಾರೆ? ರಾಜ್ಯದ ಪ್ರತಿಯೊಬ್ಬ ಗಂಡಸೂ 5 ವರ್ಷ ಕಡ್ಡಾಯವಾಗಿ ಸೈನ್ಯದಲ್ಲಿ ದುಡಿಯಬೇಕು. ಗ್ಯಾರೆಟ್ ಆ 5 ವರ್ಷಗಳನ್ನು ಮುಗಿಸಿ ಜೀವಸಹಿತ ಮರಳಿದವನು. ಅವನ ಮನೆಯ ಗಂಡಸರೆಲ್ಲ ಮರಳಲಿಲ್ಲ. ನೋಡಿ, ಮೂರು ಪ್ರಶ್ನೆಗಳಲ್ಲಿ ಒಂದು ಊರಿನ ಅರ್ಥಶಾಸ್ತ್ರ ಮುಗಿಯಿತು. ಮಂತ್ರವನ್ನು ಕುಕ್ ಅವರು ಆಕಾಶದಿಂದ ಇಳಿಸಲಿಲ್ಲ, ನೆಲದಿಂದ ಅಗೆಸಿದರು. ಅದಕ್ಕೆ ಬೆಲೆಯುಂಟು, ಆ ಬೆಲೆಯನ್ನು ತೆರುವವರು ಬೇರೆ, ಅದರ ಫಲ ಉಣ್ಣುವವರು ಬೇರೆ. ಕೊಲೆಗೆ ಬೇಕಾದ ಗೊಬ್ಬರ ಇಷ್ಟೇ.

ಮೊದಲ ಪ್ರಕರಣವನ್ನೇ ತೆಗೆದುಕೊಳ್ಳೋಣ. ಗ್ಯಾರೆಟ್‌ನ ಜೊತೆ ಸೈನ್ಯದಲ್ಲಿದ್ದ ಗೆಳೆಯ ಡೆನ್ನಿ ಸತ್ತಿದ್ದಾನೆ, ಅದೂ ಕುದುರೆಯಿಂದ ಬಿದ್ದು. ಅವನದು ಬೂಟು ಹೊಲಿಯುವ ಕುಟುಂಬ. ಸತ್ತ ಮೇಲೆ ತಂದೆ ಕೋಣೆಯನ್ನು ಶೋಧಿಸಿದರೆ ರಾಶಿ ರಾಶಿ ಬೆಳ್ಳಿ ಸಿಗುತ್ತದೆ. ಚಮ್ಮಾರನ ಮಗನಿಗೆ ಅಷ್ಟು ಬೆಳ್ಳಿ ಎಲ್ಲಿಂದ ಬಂತು? ಯುದ್ಧದಲ್ಲಿ ಯಾರ ಕೈ ಮೇಲಾಗುತ್ತದೆ ಎಂಬುದರ ಮೇಲೆ ಊರಿನಲ್ಲಿ ಬೆಳ್ಳಿಯ ಬೆಲೆ ಏರುತ್ತದೆ, ಇಳಿಯುತ್ತದೆ. ರಣರಂಗದ ಸುದ್ದಿ ಇತರರಿಗಿಂತ ಮೊದಲು ಸಿಗುವವನು ವಹಿವಾಟಿನಲ್ಲಿ ಗೆಲ್ಲುತ್ತಾನೆ. ಡೆನ್ನಿಗೆ ಆ ಸುದ್ದಿಯ ದಾರಿ ತಿಳಿದಿತ್ತು. ಅವನು ತನ್ನ ಆಸ್ತಿಯನ್ನೆಲ್ಲ ಯುದ್ಧಭೂಮಿಯ ಕಡೆ ಇರುವ ಒಬ್ಬ ಹೆಂಗಸಿಗೆ ಬರೆದಿಟ್ಟಿದ್ದಾನೆ, ಆಕೆಯನ್ನು ಹುಡುಕಿಕೊಡಬೇಕಾದವನು ಗ್ಯಾರೆಟ್. ಆಕೆ ಹಿಂದೊಮ್ಮೆ ಗ್ಯಾರೆಟ್‌ನ ಮನಸ್ಸಿಗೂ ಹತ್ತಿರವಾಗಿದ್ದವಳು, ಮತ್ತು ಹುಡುಕಾಟ ಕೊನೆಗೆ ರಕ್ತಪಿಶಾಚಿಗಳ ಬಿಲದವರೆಗೆ ಹೋಗುತ್ತದೆ. ಪಿಶಾಚಿಗಳು ಬರುವ ಕಥೆಯನ್ನು ಲೆಕ್ಕದ ಪುಸ್ತಕದಿಂದ ಆರಂಭಿಸಿದ ಈ ಲೇಖಕರ ಧೈರ್ಯ ನನಗೆ ಬಹಳ ಇಷ್ಟವಾಯಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಭಾಷೆಯ ಮಾತು ಹೇಳುತ್ತೇನೆ. ಈ ಬಗೆಯ ಕಾದಂಬರಿಗಳು ಬಹುಮಟ್ಟಿಗೆ ಪತ್ತೇದಾರನ ಬಾಯಿಂದಲೇ, ಉತ್ತಮ ಪುರುಷದಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರುತ್ತವೆ. ಇಂಗ್ಲಿಷಿನಲ್ಲಿ ಹಾಗೆ ಬರೆಯುವಾಗ ಪ್ರತಿ ವಾಕ್ಯದಲ್ಲೂ ‘ನಾನು’ ಎಂಬ ಪದ ತಲೆಯೆತ್ತಿ ನಿಲ್ಲುತ್ತದೆ. ಕನ್ನಡದಲ್ಲಿ ಆ ತೊಡಕಿಲ್ಲ. ‘ಮೆಟ್ಟಿಲು ಹತ್ತಿದೆ. ಬಾಗಿಲು ತಟ್ಟಿದೆ. ಯಾರೂ ಬರಲಿಲ್ಲ. ತಳ್ಳಿದೆ.’ ಹೇಳುವವನು ಕ್ರಿಯಾಪದದ ಬಾಲದಲ್ಲಿ ಅಡಗಿ ಕುಳಿತಿದ್ದಾನೆ. ತನ್ನನ್ನು ತೋರಿಸಿಕೊಳ್ಳಲು ಇಷ್ಟಪಡದ ಮನುಷ್ಯನ ದನಿಗೆ ಇದಕ್ಕಿಂತ ಒಗ್ಗುವ ವ್ಯಾಕರಣ ಬೇಕೇ? ನಮ್ಮಲ್ಲಿ ಪತ್ತೇದಾರಿ ಕಾದಂಬರಿಗೆ ಓದುಗರ ಕೊರತೆಯೂ ಎಂದೂ ಇರಲಿಲ್ಲ. ಎನ್. ನರಸಿಂಹಯ್ಯನವರು 1950ರ ದಶಕದಿಂದ ಪತ್ತೇದಾರ ಪುರುಷೋತ್ತಮನನ್ನು ಮುಂದಿಟ್ಟುಕೊಂಡು ನೂರಾರು ಕಾದಂಬರಿಗಳನ್ನು ಬರೆದರು. ಆ ಪುಸ್ತಕಗಳಿಗಾಗಿಯೇ ಬಾಡಿಗೆ ಗ್ರಂಥಾಲಯಗಳ ಮುಂದೆ ಕಾದವರು ನಿಮ್ಮ ಮನೆಗಳ ಹಿರಿಯರಲ್ಲಿಯೂ ಇದ್ದಾರು. ಓದುವ ರೂಢಿ ಕಡಿಮೆಯಿದ್ದ ಎಷ್ಟೋ ಮನೆಗಳಿಗೆ ಕನ್ನಡ ಪುಸ್ತಕವನ್ನು ತಲುಪಿಸಿದ ಆ ಕೆಲಸವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ವ್ಯಾಕರಣವಿದೆ, ಓದುಗರಿದ್ದಾರೆ. ಕಲ್ಪಿತ ನಗರವೊಂದೇ ಬಾಕಿ.

ಟನ್‌ಫೇರ್‌ಗೆ ಮರಳುತ್ತೇನೆ. ಗ್ಯಾರೆಟ್‌ನ ಮನೆಯಲ್ಲಿ ಒಬ್ಬ ಪಾಲುದಾರನಿದ್ದಾನೆ, ಅವನನ್ನು ಎಲ್ಲರೂ ಡೆಡ್ ಮ್ಯಾನ್ ಎಂದೇ ಕರೆಯುತ್ತಾರೆ. ಅವನು ಮನುಷ್ಯನಲ್ಲ, ಲೋಗೀರ್ ಎಂಬ ಅಪರೂಪದ ಜೀವಿ. 400 ವರ್ಷಗಳ ಹಿಂದೆ ಯಾರೋ ಅವನಿಗೆ ಚೂರಿ ಹಾಕಿ ಕೊಂದಿದ್ದಾರೆ. ಆದರೆ ಆ ಜಾತಿಯ ಜೀವಿಗಳು ಸತ್ತ ಮೇಲೂ ದೇಹವನ್ನು ಬಿಟ್ಟು ಹೋಗುವ ಅವಸರ ತೋರುವುದಿಲ್ಲ. ಕುರ್ಚಿಯಲ್ಲಿ ಕುಳಿತ ಆ ಭಾರೀ ಹೆಣ ಅಲುಗಾಡುವುದಿಲ್ಲ, ಆದರೂ ಯೋಚಿಸುತ್ತದೆ, ಎದುರಿಗೆ ಬಂದವರ ಮನಸ್ಸನ್ನು ಓದುತ್ತದೆ, ಅವರ ತಲೆಯೊಳಗೇ ಮಾತಾಡುತ್ತದೆ. ಮನೆಬಿಟ್ಟು ಹೊರಡದ ಮಹಾಬುದ್ಧಿವಂತ ಮತ್ತು ಅವನಿಗಾಗಿ ಬೀದಿ ಸುತ್ತುವ ಸಹಾಯಕ ಎಂಬ ಜೋಡಿಯನ್ನು ಅಮೆರಿಕದ ಲೇಖಕ ರೆಕ್ಸ್ ಸ್ಟೌಟ್ 1934ರಲ್ಲೇ ಜನಪ್ರಿಯಗೊಳಿಸಿದ್ದರು. ಕುಕ್ ಅವರು ಆ ಬುದ್ಧಿವಂತನನ್ನು ನಿಜಕ್ಕೂ ಅಲುಗದಂತೆ ಮಾಡಿದರು.

ನಾಕ್ಸ್ ಅವರ ಆಕ್ಷೇಪ ಅತ್ಯಂತ ಬಲವಾಗಿ ತಗಲುವುದು ಇಲ್ಲಿಯೇ. ಮನಸ್ಸನ್ನು ಓದುವವನು ಮನೆಯಲ್ಲೇ ಇರುವಾಗ ಶಂಕಿತರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದು ಕೂರಿಸಿದರೆ ಸಾಲದೇ? ಲೇಖಕರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡಿ. ಡೆಡ್ ಮ್ಯಾನ್‌ಗೆ ನಿದ್ದೆ ಬರುತ್ತದೆ, ಒಮ್ಮೆ ಮಲಗಿದರೆ ವಾರಗಟ್ಟಲೆ ಏಳುವುದಿಲ್ಲ. ಅವನ ಶಕ್ತಿ ಮನೆಯ ಸುತ್ತಮುತ್ತ ಮಾತ್ರ ನಡೆಯುತ್ತದೆ. ಅವನು ಸೋಮಾರಿ, ಕ್ಯಾಂಟಾರ್ಡ್‌ನಲ್ಲಿ ಎರಡೂ ರಾಜ್ಯಗಳಿಗೆ ತಿರುಗಿಬಿದ್ದ ಒಬ್ಬ ಬಾಡಿಗೆ ಸೇನಾನಿಯ ಮುಂದಿನ ನಡೆ ಏನಿರಬಹುದು ಎಂಬ ಊಹೆಯಲ್ಲಿ ಅವನಿಗಿರುವ ಆಸಕ್ತಿ ಕೈಯಲ್ಲಿರುವ ಪ್ರಕರಣದಲ್ಲಿ ಇರುವುದಿಲ್ಲ. ಇವೆಲ್ಲ ಹೊರಗಿನ ತಡೆಗಳು. ಒಳಗಿನ ತಡೆ ಇನ್ನೂ ದೊಡ್ಡದು. ಅವನ ಎದುರಿಗೆ ಬಂದು ನಿಲ್ಲುವವರೆಲ್ಲ ಬಡವರು, ಕಕ್ಷಿದಾರರು, ಗ್ಯಾರೆಟ್ ಕೊರಳಪಟ್ಟಿ ಹಿಡಿದು ಎಳೆತಂದ ಪುಂಡರು. ಗುಡ್ಡದ ಮೇಲಿನ ಮಾಂತ್ರಿಕ ಒಡೆಯರನ್ನು ಆ ಕೋಣೆಗೆ ಕರೆತರುವವರು ಯಾರು? ಮನಸ್ಸನ್ನು ಓದುವ ಯಂತ್ರ ಸಿದ್ಧವಾಗಿದ್ದರೂ, ಅದರ ಮುಂದೆ ಯಾರನ್ನು ಕೂರಿಸಬಹುದು, ಯಾರನ್ನು ಕೂರಿಸಲಾಗದು ಎಂಬುದನ್ನು ಊರಿನ ಅಧಿಕಾರವೇ ತೀರ್ಮಾನಿಸುತ್ತದೆ. ಆ ಮುಚ್ಚಿದ ಬಾಗಿಲುಗಳನ್ನು ತಟ್ಟಲು ಒಬ್ಬ ಮನುಷ್ಯ ಬೂಟು ಸವೆಸಿಕೊಂಡು ನಡೆಯಲೇಬೇಕು.

1989ರ ತವರದ ಹೆಸರಿನ ಕಾದಂಬರಿಯಲ್ಲಿ ಇದಕ್ಕಿಂತ ಕಠಿಣವಾದ ಪ್ರಯೋಗವಿದೆ. ನಿವೃತ್ತ ಸೇನಾನಿಯೊಬ್ಬನ ದೊಡ್ಡ ಮನೆ. ಅವನಿಗೆ ಯಾರೋ ನಿಧಾನವಾಗಿ ವಿಷ ಹಾಕುತ್ತಿದ್ದಾರೆಂಬ ಅನುಮಾನದ ಮೇಲೆ ಹಳೆಯ ಸಾರ್ಜೆಂಟ್ ಒಬ್ಬ ಗ್ಯಾರೆಟ್‌ನನ್ನು ಕರೆಸುತ್ತಾನೆ. ಸೇನಾನಿಯ ಮರಣಶಾಸನದಲ್ಲಿ ಮನೆಯಲ್ಲಿರುವ ಹಳೆಯ ಸೈನಿಕರಿಗೆಲ್ಲ ಪಾಲಿದೆ, ಒಬ್ಬ ಸತ್ತರೆ ಉಳಿದವರ ಪಾಲು ದೊಡ್ಡದಾಗುತ್ತದೆ, ಒಬ್ಬೊಬ್ಬರೇ ಸಾಯುತ್ತಿದ್ದಾರೆ. ಇದೆಲ್ಲ ಹಳೆಯ ಪತ್ತೇದಾರಿ ಕಾದಂಬರಿಗಳ ಓದುಗರಿಗೆ ಚಿರಪರಿಚಿತವಾದ ಬಂಗಲೆಯೇ. ಆದರೆ ಇಲ್ಲಿ ಕೊಲೆಯಾದವರ ಹೆಣಗಳು ಎದ್ದು ಕತ್ತಲಲ್ಲಿ ಆ ಮನೆಯತ್ತ ನಡೆದು ಬರುತ್ತವೆ. ನಾನು ಮೊದಲ ಬಾರಿ ಓದಿದಾಗ, ಇನ್ನೇನು, ಹೆಣಗಳೇ ಬಂದ ಮೇಲೆ ಎಲ್ಲ ಬಯಲಾಯಿತು ಎಂದುಕೊಂಡೆ. ಹಾಗಾಗುವುದಿಲ್ಲ. ಹೆಣ ಬಂದಿದೆ ಎಂಬುದರಿಂದ ಕೊಲೆ ನಡೆದಿದೆ ಎಂಬುದಷ್ಟೇ ಖಚಿತ. ಉಳಿದ ಕೆಲಸವೆಲ್ಲ ಹಾಗೆಯೇ ಉಳಿದಿದೆ. ಆ ಪುಸ್ತಕದ ಕೊನೆಯನ್ನು ಹೇಳಿ ನಿಮ್ಮ ಓದನ್ನು ಕೆಡಿಸುವುದಿಲ್ಲ. ಸೈನ್ಯದಲ್ಲಿ ಒಟ್ಟಿಗೆ ಉಂಡು ಮಲಗಿದವರು ಒಂದು ಉಯಿಲಿನ ಕಾಗದಕ್ಕಾಗಿ ಪರಸ್ಪರ ಏನಾಗುತ್ತಾರೆ ಎಂಬುದನ್ನು ಇಷ್ಟು ದುಃಖದಿಂದ ಹೇಳಿದ ಕಥೆಯನ್ನು ಈ ಪ್ರಕಾರದಲ್ಲಿ ನಾನು ಬೇರೆ ಓದಿಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೊಲೆ ಎಂದರೇನು? ಒಬ್ಬ ವ್ಯಕ್ತಿಯನ್ನು ಕೊಲ್ಲುವುದು ಎಂದು ನಾವು ಉತ್ತರಿಸುತ್ತೇವೆ. ವ್ಯಕ್ತಿ ಎಂದರೆ ಯಾರು? ಈ ಎರಡನೆಯ ಪ್ರಶ್ನೆಯನ್ನು ನೇರವಾಗಿ ಕೇಳಲು ಕಲ್ಪಿತ ನಗರದಲ್ಲಿ ಇರುವಷ್ಟು ಅವಕಾಶ ಬೇರೆಲ್ಲೂ ಇಲ್ಲ. ಇಂಗ್ಲೆಂಡಿನ ಲೇಖಕ ಟೆರಿ ಪ್ರಾಚೆಟ್ ಅವರ ಕಾದಂಬರಿಗಳ ಆಂಖ್-ಮಾರ್ಪೋರ್ಕ್ ಎಂಬ ನಗರದಲ್ಲಿ ಹಂತಕರಿಗೇ ಒಂದು ಅಧಿಕೃತ ಸಂಘವಿದೆ. ಸಂಘದ ಸದಸ್ಯ ಹಣ ಪಡೆದು ಕೊಂದರೆ ಅದು ವೃತ್ತಿ, ಸದಸ್ಯನಲ್ಲದವನು ಕೊಂದರೆ ಅಪರಾಧ. ಆ ಊರಿನ ಕಾವಲುಪಡೆಯ ಅಧಿಕಾರಿ ವೈಮ್ಸ್ ಬಡತನದಿಂದ ಬಂದವನಾದ್ದರಿಂದ ಈ ವ್ಯತ್ಯಾಸವನ್ನು ಹೊಟ್ಟೆಯೊಳಗೆ ಒಪ್ಪಿಕೊಳ್ಳಲಾರ.

ಟನ್‌ಫೇರ್‌ನಲ್ಲಿ ಈ ಪ್ರಶ್ನೆ ಇನ್ನಷ್ಟು ಒರಟಾಗಿದೆ. ಮಾಂತ್ರಿಕರ ಪ್ರಯೋಗಗಳಿಂದ ಹುಟ್ಟಿದ ಇಲಿಮನುಷ್ಯರು ಅಲ್ಲಿ ಬೀದಿ ಗುಡಿಸುತ್ತಾರೆ; ಅವರಿಗೆ ಕಾನೂನಿನ ರಕ್ಷಣೆ ಇಲ್ಲ, ಅವರು ಎದುರಿಗೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಗ್ಯಾರೆಟ್ ಕೂಡ ಮೊದಲ ಪುಸ್ತಕಗಳಲ್ಲಿ ಇಲಿಮನುಷ್ಯರ ಬಗ್ಗೆ ಅಸಹ್ಯದಿಂದಲೇ ಮಾತಾಡುತ್ತಾನೆ, ಲೇಖಕರು ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಸಿಂಜ್ ಎಂಬ ಇಲಿಹುಡುಗಿ ಬರುತ್ತಾಳೆ. ವಾಸನೆ ಹಿಡಿದು ಜಾಡು ಅನುಸರಿಸುವುದರಲ್ಲಿ ಅವಳಿಗೆ ಆ ಊರಿನಲ್ಲಿ ಸಮಾನರಿಲ್ಲ. ಮೊದಮೊದಲು ಕೂಲಿಗೆ ಬಂದವಳು ಆಮೇಲೆ ಆ ಮನೆಯಲ್ಲೇ ಉಳಿಯುತ್ತಾಳೆ, ಗ್ಯಾರೆಟ್‌ನ ವ್ಯವಹಾರದ ಲೆಕ್ಕವನ್ನು ಅವನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಪುಸ್ತಕದಿಂದ ಪುಸ್ತಕಕ್ಕೆ ಗ್ಯಾರೆಟ್‌ನ ನಾಲಿಗೆ ಬದಲಾಗುವುದನ್ನು ನಾವು ಕೇಳಬಹುದು. ಬೀದಿ ಗುಡಿಸುವವರನ್ನು ಹುಟ್ಟಿನಿಂದಲೇ ಗೊತ್ತುಮಾಡಿದ ಸಮಾಜದಲ್ಲಿ ಬೆಳೆದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಯುದ್ಧ ಮುಗಿಯುತ್ತದೆ. ಕರೆಂಟಾ ಗೆಲ್ಲುತ್ತದೆ. ಸಾಮಾನ್ಯ ಕಲ್ಪಿತ ಲೋಕಗಳಲ್ಲಿ ಯುದ್ಧ ಗೆದ್ದಲ್ಲಿಗೆ ಕಥೆ ಮುಗಿದು ಪಟ್ಟಾಭಿಷೇಕ ನಡೆಯುತ್ತದೆ. ಟನ್‌ಫೇರ್‌ನಲ್ಲಿ ಆಗುವುದೇ ಬೇರೆ. ಸಾವಿರಾರು ಸೈನಿಕರು ಊರಿಗೆ ಮರಳಿ ಬಂದು ನೋಡಿದರೆ, ತಾವು ಇಲ್ಲದಿದ್ದಾಗ ಡ್ವಾರ್ಫ್‌ಗಳು, ಎಲ್ಫ್‌ಗಳು, ಹೊರಗಿನಿಂದ ಬಂದ ಇತರ ಜನ ಕೆಲಸಗಳಲ್ಲಿ ನೆಲೆಯೂರಿದ್ದಾರೆ. ಕೊಲ್ಲುವುದನ್ನು ಬಿಟ್ಟು ಬೇರೇನೂ ಕಲಿಸದೆ ಕಳುಹಿಸಿದ್ದ ಹುಡುಗರು ಈಗ ನಿರುದ್ಯೋಗಿಗಳು. ಅವರ ಸಿಟ್ಟನ್ನು ಒಟ್ಟುಗೂಡಿಸಿ, ಮನುಷ್ಯರಿಗೆ ಮಾತ್ರ ಈ ಊರು ಎಂದು ಕೂಗುವ ಸಂಘಟನೆಗಳು ಹುಟ್ಟುತ್ತವೆ. ಅದಕ್ಕೆ ಗುಡ್ಡದ ಮೇಲಿನವರ ಹಣವೂ ಹರಿಯುತ್ತದೆ. 1999ರ ಉಕ್ಕಿನ ಹೆಸರಿನ ಕಾದಂಬರಿಯ ಹಿನ್ನೆಲೆ ಇದು. ಗ್ಯಾರೆಟ್ ಸ್ವತಃ ಸೈನಿಕನಾಗಿದ್ದವನು, ಅವರೆಲ್ಲ ಅವನನ್ನು ತಮ್ಮವನೆಂದು ಬಗೆಯುತ್ತಾರೆ. ಅವನ ಅತ್ಯಂತ ಹತ್ತಿರದ ಗೆಳೆಯ ಮಾರ್ಲಿ ಡೋಟ್ಸ್ ಎಲ್ಫ್ ರಕ್ತದವನು. ಮನೆಯಲ್ಲಿ ಕುಳಿತಿರುವ ಪಾಲುದಾರನಂತೂ ಯಾವ ಲೆಕ್ಕದಲ್ಲೂ ಮನುಷ್ಯನಲ್ಲ. ಎರಡೂ ಕಡೆಯವರು ನೀನು ಯಾರ ಕಡೆ ಎಂದು ಕೇಳುತ್ತಾರೆ. ಗಟ್ಟಿಮನಸ್ಸಿನ ಪತ್ತೇದಾರ ಒಂಟಿಯಾಗಿರುವುದು ಸ್ವಭಾವದಿಂದ ಎಂದು ನಾವು ಅಂದುಕೊಂಡಿರುತ್ತೇವೆ. ಯಾವ ಗುಂಪಿಗೂ ಪೂರ್ತಿಯಾಗಿ ಸೇರದಿದ್ದರೆ ಮಾತ್ರ ಎಲ್ಲ ಬಾಗಿಲುಗಳನ್ನೂ ತಟ್ಟಬಹುದು ಎಂಬ ಕಾರಣಕ್ಕೂ ಅವನು ಒಂಟಿ.

ಕಾನೂನಿನ ಕಡೆಯೂ ಸರಣಿ ಸುಮ್ಮನೆ ನಿಲ್ಲುವುದಿಲ್ಲ. ಮೊದಲ ಪುಸ್ತಕಗಳ ಟನ್‌ಫೇರ್‌ನಲ್ಲಿ ಕಾವಲುಪಡೆ ಎಂದರೆ ಲಂಚ ತಿಂದು ಮಲಗುವವರ ಗುಂಪು. ಊರನ್ನು ಆಳುವವನು ಗಾಲಿಕುರ್ಚಿಯಲ್ಲಿ ಕುಳಿತ ಚೋಡೋ ಕಾಂಟೇಗ್ ಎಂಬ ಪಾತಕಲೋಕದ ಒಡೆಯ. ಮುಂದೆ ಸುಧಾರಣೆ ಬರುತ್ತದೆ, ಪ್ರಾಮಾಣಿಕ ಅಧಿಕಾರಿಗಳು ಬರುತ್ತಾರೆ, ಕೊಲೆಗಡುಕರು ಸಿಕ್ಕಿಬೀಳುತ್ತಾರೆ. ಅದರ ಬೆನ್ನಿಗೇ ಗುಪ್ತ ಪೊಲೀಸರೂ ಬರುತ್ತಾರೆ, ರಾತ್ರಿ ಮನೆಗಳಿಂದ ಜನ ಕಾಣೆಯಾಗತೊಡಗುತ್ತಾರೆ. ಯಾವುದು ಮೇಲು ಎಂದು ಗ್ಯಾರೆಟ್ ತೀರ್ಪು ಕೊಡುವುದಿಲ್ಲ. ಅವನು ಈ ಎರಡೂ ಊರುಗಳಲ್ಲಿ ಬದುಕಿದವನು, ಎರಡರ ಬೀದಿಗಳಲ್ಲೂ ಹೆಣಗಳನ್ನು ನೋಡಿದವನು.

ಕನ್ನಡದಲ್ಲಿ ಇಂಥದ್ದನ್ನು ಬರೆಯಲು ಹೊರಡುವವರಿಗೆ ನನ್ನ ಒಂದು ಕೋರಿಕೆಯಿದೆ. ನಮ್ಮ ಕಲ್ಪಿತ ಲೋಕಗಳಲ್ಲಿ ಅರಮನೆ ಇರುತ್ತದೆ, ಕಾಡು ಇರುತ್ತದೆ, ಆಶ್ರಮ ಇರುತ್ತದೆ. ಸಂತೆ ಇರುವುದು ಅಪರೂಪ. ಅರಮನೆಯ ದೀಪಕ್ಕೆ ಎಣ್ಣೆ ಯಾರು ತರುತ್ತಾರೆ ಎಂದು ಕೇಳಿದ ಕ್ಷಣದಿಂದ ಊರು ಹುಟ್ಟತೊಡಗುತ್ತದೆ. ದೂರ ಹೋಗಬೇಕಾಗಿಲ್ಲ, ಕೋಲಾರದ ಚಿನ್ನದ ಗಣಿಯನ್ನು ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಆ ವಿದ್ಯುತ್ತು ಕಾವೇರಿಯ ದಡದ ಹಳ್ಳಿಗಳಿಗೂ ಹೋಗಲಿಲ್ಲ, ಬೆಂಗಳೂರಿಗೂ ಹೋಗಲಿಲ್ಲ. ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಮೊದಲು ಗಣಿಗೆ ಹೋಯಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಗಣಿಯೊಳಕ್ಕೆ ಇಳಿದವರು ಯಾರು, ಮೇಲೆ ಬಂಗಲೆಗಳಲ್ಲಿ ಇದ್ದವರು ಯಾರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡವರಿಗೆ ಟನ್‌ಫೇರ್‌ನಷ್ಟೇ ದಟ್ಟವಾದ ನಗರವನ್ನು ಕಟ್ಟಲು ಬೇಕಾದ ಸಾಮಗ್ರಿ ಅಲ್ಲಿಯೇ ಸಿಗುತ್ತದೆ. ನಿಜವಾದ ಊರಿನ ಹೆಸರು ಹಾಕಬೇಕಾಗಿಲ್ಲ. ಹ್ಯಾಮೆಟ್ ಕೂಡ ಹಾಕಲಿಲ್ಲ.

ಕೊನೆಯದಾಗಿ, ಮಾಂತ್ರಿಕ ನಗರದ ಅಪರಾಧ ಪತ್ತೆಯ ಕಥೆ ನಮಗೆ ಹೊರಗಿನಿಂದಲೇ ಬರಬೇಕಾಗಿಲ್ಲ ಎಂಬುದಕ್ಕೆ ಒಂದು ಸಾಕ್ಷಿಯನ್ನು ನಿಮ್ಮ ಮುಂದಿಡುತ್ತೇನೆ. 10ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪುವ ವಡ್ಡಾರಾಧನೆಯಲ್ಲಿ 19 ಕಥೆಗಳಿವೆ, ಅದರಲ್ಲಿ ವಿದ್ಯುಚ್ಚೋರನ ಕಥೆ ಒಂದು. ಮಿಥಿಲೆಯಲ್ಲಿ ಯಮದಂಡ ಎಂಬ ತಳಾರನಿದ್ದಾನೆ, ಊರಿನ ಕಾವಲು ಅವನದು. ವಿದ್ಯುಚ್ಚೋರ ಕಳ್ಳತನದ ಶಾಸ್ತ್ರವನ್ನು ಕ್ರಮವಾಗಿ ಓದಿದವನು, ಮದ್ದು ಮಂತ್ರಗಳನ್ನು ಬಲ್ಲವನು. ಹಗಲೆಲ್ಲ ಕುಷ್ಠರೋಗಿಯ ರೂಪದಲ್ಲಿ ಪಾಳುಗುಡಿಯೊಂದರಲ್ಲಿ ಬಿದ್ದಿರುತ್ತಾನೆ, ರಾತ್ರಿಯಾದರೆ ಸುಂದರ ರೂಪ ತಾಳಿ ಕದಿಯಲು ಹೊರಡುತ್ತಾನೆ. ಅರಸನ ಹಾರವೇ ಕಳುವಾದಾಗ, 7 ದಿನಗಳೊಳಗೆ ಕಳ್ಳನನ್ನು ತರದಿದ್ದರೆ ಶಿಕ್ಷೆ ನಿನಗೇ ಎಂದು ಅರಸ ತಳಾರನಿಗೆ ಹೇಳುತ್ತಾನೆ. ಯಮದಂಡ ಕೊನೆಗೆ ಕುಷ್ಠರೋಗಿಯನ್ನು ಹಿಡಿದು ತಂದು ಇವನೇ ಕಳ್ಳ ಎನ್ನುತ್ತಾನೆ. ಬಗೆಬಗೆಯ ದಂಡನೆ ಕೊಟ್ಟರೂ ಅವನು ಬಾಯಿ ಬಿಡುವುದಿಲ್ಲ. ಅರಸ ಅಭಯ ಕೊಟ್ಟ ಮೇಲೆಯೇ ಒಪ್ಪಿಕೊಳ್ಳುತ್ತಾನೆ. ಆಗ ತಿಳಿಯುತ್ತದೆ, ಕಳ್ಳನೂ ತಳಾರನೂ ಬಾಲ್ಯದಲ್ಲಿ ಒಟ್ಟಿಗೆ ಓದಿದ ಗೆಳೆಯರು. ನೀನು ಕಾಯುವ ಊರಿಗೇ ಬಂದು ಕದಿಯುತ್ತೇನೆ ಎಂದು ಅವನು ಅಂದೇ ಮಾತು ಕೊಟ್ಟಿದ್ದ.

ಬದಲಾಗುವ ರೂಪ, ಬಾಯಿಬಿಡದ ಶಂಕಿತ, ಗಡುವು ಕೊಟ್ಟ ಅಧಿಕಾರ, ತನ್ನ ಕುತ್ತಿಗೆಯನ್ನೇ ಪಣಕ್ಕಿಟ್ಟ ತನಿಖೆಗಾರ, ಹಳೆಯ ಸ್ನೇಹದ ಭಾರ ಎಲ್ಲವೂ ಅಲ್ಲಿದೆ. ಕಥೆಯ ಉದ್ದೇಶ ಬೇರೆ. ಅದು ವೈರಾಗ್ಯದ ಕಡೆಗೆ ನಡೆಯುವ ಕಥೆ, ಹಾಗಾಗಿ ಆ 7 ದಿನಗಳನ್ನು ಅದು ಬೇಗನೆ ದಾಟಿಬಿಡುತ್ತದೆ. ಆ ದಿನಗಳಲ್ಲಿ ಯಮದಂಡ ಯಾವ ಯಾವ ಬೀದಿಗಳಲ್ಲಿ ನಡೆದ, ಯಾರ ಬಾಗಿಲು ತಟ್ಟಿದ, ಯಾರು ಅವನನ್ನು ಒಳಗೆ ಬಿಡಲಿಲ್ಲ? ಕುಷ್ಠರೋಗಿಯ ಕಡೆ ಯಾರೂ ಕಣ್ಣೆತ್ತಿ ನೋಡದ ಊರಿನಲ್ಲಿ ಇವನು ಮಾತ್ರ ನೋಡಿದ್ದು ಹೇಗೆ? ಕಳೆದ ಕೆಲವು ತಿಂಗಳಿಂದ ನಾನು ಆ ದಿನಗಳನ್ನು ಒಂದೊಂದಾಗಿ ಬರೆಯಲು ತೊಡಗಿದ್ದೇನೆ. ಮೊದಲನೆಯ ದಿನ ಬೆಳಗ್ಗೆ ಅವನನ್ನು ಚಿನಿವಾರರ ಕೇರಿಗೆ ಕಳುಹಿಸಿದ್ದೇನೆ. ಹಾರವನ್ನು ಕದ್ದವನು ಯಾರೇ ಇರಲಿ, ಆ ಚಿನ್ನವನ್ನು ಕರಗಿಸುವ ಕುಲುಮೆ ಯಾವುದಾದರೂ ಮನೆಯ ಹಿತ್ತಿಲಲ್ಲಿ ಉರಿಯುತ್ತಿರಬೇಕು.